ಫೋನಿನಲ್ಲಿ ಕ್ಯಾಸಿನೋ ಆಟ: ಆ್ಯಪೋ ಬ್ರೌಸರೋ, ಸ್ಲಾಟೋ ಬ್ಲಾಕ್‌ಜಾಕೋ?

ಬ್ಲಾಕ್‌ಜಾಕ್ ಆಟ. ಕೈಯಲ್ಲಿ 16. ಡೀಲರ್ ಮುಂದೆ 10. ನಾನು ಒತ್ತಬೇಕಿದ್ದದ್ದು 'ಹಿಟ್', ಅಂದರೆ ಇನ್ನೊಂದು ಎಲೆ ಕೊಡಿ ಅಂತ. ಹೆಬ್ಬೆರಳು ಬಿದ್ದದ್ದು ಪಕ್ಕದಲ್ಲೇ ಇದ್ದ 'ಡಬಲ್' ಮೇಲೆ. ಪಣ ಎರಡರಷ್ಟಾಯಿತು. ಬಂದ ಎಲೆ 9. ಒಟ್ಟು 25. 21 ದಾಟಿದರೆ ಸೋಲು, ಆಟ ಮುಗಿಯಿತು. ಪುಣ್ಯಕ್ಕೆ ಅದು ಪುಕ್ಕಟೆ ಚಿಪ್‌ಗಳ ಆಟ, ಜೇಬಿನಿಂದ ಏನೂ ಹೋಗಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಆಡಿದ್ದ ಅದೇ ಆಟ ಅಂಗೈಗೆ ಬಂದ ಕೂಡಲೇ ಬೇರೆಯದೇ ಆಗಿಬಿಟ್ಟಿತ್ತು.

ಫೋನಿನಲ್ಲಿ ಕ್ಯಾಸಿನೋ ಆಟ ಆಡಬೇಕು ಅನ್ನುವವರು ಮೊದಲು ಕೇಳುವುದು 'ಯಾವ ಆ್ಯಪ್ ಚೆನ್ನಾಗಿದೆ' ಅಂತ. ನಾನಾದರೆ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಈ ಆಟ ಒಂದು ಗಂಟೆಯಲ್ಲಿ ನನ್ನಿಂದ ಎಷ್ಟು ಸಲ ಪಣ ಕಟ್ಟಿಸಿಕೊಳ್ಳುತ್ತದೆ? ಗ್ರಾಫಿಕ್ಸ್, ಸದ್ದು, ಬೋನಸ್ಸು ಎಲ್ಲ ಆಮೇಲಿನ ಮಾತು. ಫೋನಿನಲ್ಲಿ ಎದ್ದು ಟೇಬಲ್‌ಗೆ ಹೋಗುವುದಿಲ್ಲ, ಚಿಪ್ ಎಣಿಸುವುದಿಲ್ಲ, ಪಕ್ಕದವರಿಗಾಗಿ ಕಾಯುವುದಿಲ್ಲ. ಬೆರಳು ತಟ್ಟುವುದಷ್ಟೇ ಕೆಲಸ. ಹಾಗಾಗಿ ಈ ಬರಹದ ಪ್ರತಿ ಹೋಲಿಕೆಯಲ್ಲೂ ವೇಗದ ಲೆಕ್ಕ ಸುತ್ತಿ ಬಳಸಿ ಬಂದೇ ಬರುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ದುಡ್ಡು ಕಟ್ಟಿ ಆಡುವ ಆಟಕ್ಕೆ ಕೆಲವು ದೇಶಗಳಲ್ಲಿ ಲೈಸೆನ್ಸ್ ಇದೆ, ಕೆಲವು ಕಡೆ ಪೂರ್ತಿ ನಿಷೇಧವಿದೆ. ಒಂದೇ ದೇಶದೊಳಗೆ ಪ್ರಾಂತ್ಯಕ್ಕೊಂದು ಕಾನೂನು ಇರುವುದೂ ಉಂಟು. ನೀವಿರುವ ಕಡೆ ಏನು ನಿಯಮ, ಎಷ್ಟು ವಯಸ್ಸಾಗಿರಬೇಕು ಅನ್ನುವುದನ್ನು ನೋಡಿಕೊಂಡೇ ಮುಂದೆ ಓದಿ. ನಿಷೇಧವಿದ್ದರೆ ಪುಕ್ಕಟೆ ಆಟದ ಭಾಗ ಮಾತ್ರ ನಿಮಗೆ ಸಾಕು.

ಪುಕ್ಕಟೆ ಚಿಪ್ಪೋ, ನಿಜವಾದ ದುಡ್ಡೋ

ಇಲ್ಲಿ ಎರಡಲ್ಲ, ಮೂರು ದಾರಿಗಳಿವೆ. ಜನ ಎಡವುವುದು ನಡುವಿನದ್ದರಲ್ಲಿ.

ಮೊದಲನೆಯದು ಡೆಮೊ. ಆಟ ತಯಾರಿಸಿದ ಕಂಪನಿಯ ಸೈಟಿನಲ್ಲೇ ಎಷ್ಟೋ ಸಲ ಸಿಗುತ್ತದೆ. ಖಾತೆ ಬೇಡ, ಕಾರ್ಡ್ ಬೇಡ. ಚಿಪ್ ಮುಗಿದರೆ ಪೇಜ್ ರಿಫ್ರೆಶ್ ಮಾಡಿ, ಮತ್ತೆ ತುಂಬುತ್ತದೆ. ಆಟದ ನಿಯಮ ಕಲಿಯಲು, ನಿಮ್ಮ ಫೋನಿನಲ್ಲಿ ಬಟನ್‌ಗಳು ಎಲ್ಲಿ ಕೂರುತ್ತವೆ ಅಂತ ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ.

ಎರಡನೆಯದು 'ಸೋಶಿಯಲ್ ಕ್ಯಾಸಿನೋ' ಆ್ಯಪ್‌ಗಳು. ಸ್ಟೋರಿನಲ್ಲಿ 'ಫ್ರೀ' ಅಂತಲೇ ಇರುತ್ತವೆ. ಮೊದಲ ದಿನ ಲಕ್ಷಗಟ್ಟಲೆ ನಾಣ್ಯ ಸುರಿಯುತ್ತವೆ. ನಾಲ್ಕನೇ ದಿನ ನಾಣ್ಯ ಮುಗಿಯುತ್ತದೆ, 'ಇನ್ನಷ್ಟು ಕೊಳ್ಳಿ' ಅನ್ನುವ ಬಟನ್ ಹೊಳೆಯುತ್ತದೆ. ಕೊಂಡ ನಾಣ್ಯದಿಂದ ಎಷ್ಟೇ ಗೆದ್ದರೂ ಅದನ್ನು ದುಡ್ಡಾಗಿ ವಾಪಸ್ ಪಡೆಯುವಂತಿಲ್ಲ. ಅಂದರೆ ಇಲ್ಲಿ ದುಡ್ಡು ಒಂದೇ ದಿಕ್ಕಿಗೆ ಹೋಗುತ್ತದೆ. ಜೊತೆಗೆ, ಲೈಸೆನ್ಸ್ ಇರುವ ಜೂಜಿಗೆ ಇರುವ ಲೆಕ್ಕಪತ್ರದ ಕಟ್ಟುಪಾಡು ಇವಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಪದೇ ಪದೇ ಗೆದ್ದೆ ಅಂತ 'ನನಗೆ ಈ ಆಟ ಕೈ ಹತ್ತಿದೆ' ಅಂದುಕೊಂಡು ದುಡ್ಡಿನ ಆಟಕ್ಕೆ ಹೋಗುವುದು ದೊಡ್ಡ ತಪ್ಪು. ಆಟ ನಿಮ್ಮನ್ನು ಹಿಡಿದಿಡಲೆಂದೇ ಗೆಲ್ಲಿಸಿರಬಹುದು.

ಮೂರನೆಯದು ನಿಜವಾದ ದುಡ್ಡಿನ ಆಟ. ಇದರಲ್ಲಿ ಕ್ಯಾಸಿನೋದ ಪಾಲು ಮೊದಲೇ ಲೆಕ್ಕಕ್ಕೆ ಸೇರಿರುತ್ತದೆ. ಅದನ್ನು ಮನರಂಜನೆಗೆ ಕೊಡುವ ಟಿಕೆಟ್ ದುಡ್ಡು ಅಂತ ಅಂದುಕೊಳ್ಳಬಹುದಾದರೆ ಸರಿ. ಸಂಪಾದನೆಯ ದಾರಿ ಅಂದುಕೊಂಡರೆ ಲೆಕ್ಕ ಶುರುವಿನಲ್ಲೇ ತಪ್ಪಿದೆ.

ನನ್ನ ಆಯ್ಕೆ ಕೇಳಿದರೆ ಡೆಮೊ. ಹೊಸ ಆಟ ಯಾವುದೇ ಇರಲಿ, ಮೊದಲ ಒಂದು ವಾರ ಅದರಲ್ಲೇ. ಬೇಜಾರು ಬಂದರೆ ಆ ಆಟ ನಿಮಗೆ ಬೇಕಿರಲಿಲ್ಲ ಅಂತ ಪುಕ್ಕಟೆಯಾಗಿಯೇ ಗೊತ್ತಾಯಿತಲ್ಲ!

ಆ್ಯಪ್, ಬ್ರೌಸರ್

ಒಂದು ಕಾಲಕ್ಕೆ ಆ್ಯಪೋ ಬ್ರೌಸರೋ ಅನ್ನುವ ಪ್ರಶ್ನೆಗೆ ಉತ್ತರ ಸುಲಭವಿತ್ತು: ಆ್ಯಪ್. ಕಂಪ್ಯೂಟರಿನ ಕ್ಯಾಸಿನೋ ಆಟಗಳಲ್ಲಿ ಬಹುಪಾಲು ಬ್ರೌಸರಿಗೆ ಸೇರಿಸಿಕೊಳ್ಳುವ ಫ್ಲಾಶ್ ಅನ್ನುವ ಸಾಫ್ಟ್‌ವೇರ್ ಮೇಲೆ ನಡೆಯುತ್ತಿದ್ದವು, ಐಫೋನ್ ಫ್ಲಾಶ್ ಅನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಆಮೇಲೆ ಫ್ಲಾಶ್ ಇಲ್ಲದೆಯೇ ಬ್ರೌಸರಿನಲ್ಲಿ ಆಟ ಓಡಿಸುವ ಎಚ್‌ಟಿಎಂಎಲ್ 5 ಬಂತು. 2020ರ ಕೊನೆಯ ದಿನ ಅಡೋಬಿ ಕಂಪನಿ ಫ್ಲಾಶ್‌ಗೆ ಬೆಂಬಲ ನಿಲ್ಲಿಸಿತು. ಈಗ ಬರುವ ಹೊಸ ಆಟಗಳು ಫೋನಿನ ಬ್ರೌಸರಿನಲ್ಲೇ ಓಡುತ್ತವೆ. ಎಷ್ಟೋ ಆ್ಯಪ್‌ಗಳ ಒಳಗೆ ಇರುವುದೂ ಅದೇ ವೆಬ್ ಆಟ, ಹೊರಗೆ ಒಂದು ಕವಚ ಅಷ್ಟೆ.

ಹಾಗಾದರೆ ಆ್ಯಪ್ ಯಾಕೆ ಬೇಕು? ಬೇಗ ತೆರೆದುಕೊಳ್ಳುತ್ತದೆ. ಬೆರಳಚ್ಚಿನಿಂದ ಲಾಗಿನ್ ಆಗಬಹುದು. ಮೇಲಿನ ವಿಳಾಸದ ಪಟ್ಟಿ ಇಲ್ಲದ ಕಾರಣ ಪರದೆ ಪೂರ್ತಿ ಸಿಗುತ್ತದೆ. ಬ್ರೌಸರಿನಲ್ಲಿ ಅಂಚಿನಿಂದ ಬೆರಳು ಜಾರಿದರೆ ಹಿಂದಿನ ಪೇಜಿಗೆ ಹೋಗಿಬಿಡುವ ಕಿರಿಕಿರಿ ಇದೆ, ಆ್ಯಪ್‌ನಲ್ಲಿ ಅದು ಕಡಿಮೆ.

ಆದರೆ ಆ್ಯಪ್‌ಗೆ ಒಂದು ಕೆಟ್ಟ ಚಾಳಿ ಇದೆ: ನೋಟಿಫಿಕೇಶನ್. ಮಧ್ಯಾಹ್ನ ಕೆಲಸದ ನಡುವೆ 'ನಿಮಗಾಗಿ 20 ಫ್ರೀ ಸ್ಪಿನ್ ಕಾಯುತ್ತಿವೆ' ಅಂತ ಟಿಂಗ್ ಅನ್ನುತ್ತದೆ. ನೀವು ಆಟದ ಹತ್ತಿರ ಹೋಗಿರುವುದಿಲ್ಲ, ಆಟವೇ ನಿಮ್ಮ ಹತ್ತಿರ ಬಂದಿರುತ್ತದೆ. ಬ್ರೌಸರಿನಲ್ಲಿ ಟ್ಯಾಬ್ ಮುಚ್ಚಿದರೆ ಕಥೆ ಮುಗಿಯಿತು. ಈ ಒಂದೇ ಕಾರಣಕ್ಕೆ ನಾನು ಬ್ರೌಸರಿನ ಕಡೆಗೆ. ತೆರೆಯಲು ಹತ್ತು ಸೆಕೆಂಡ್ ಜಾಸ್ತಿ ಹಿಡಿದರೆ ಹಿಡಿಯಲಿ. ಆ ಹತ್ತು ಸೆಕೆಂಡಿನಲ್ಲಿ 'ಈಗ ಬೇಡ' ಅನ್ನಿಸಿದ್ದೂ ಇದೆ.

ಆ್ಯಪ್ಪೇ ಬೇಕು ಅನ್ನುವವರಿಗೆ ಒಂದು ಗಟ್ಟಿ ನಿಯಮ: ಫೋನಿನ ಅಧಿಕೃತ ಸ್ಟೋರಿನಿಂದ ಬಿಟ್ಟು ಬೇರೆಲ್ಲಿಂದಲೂ ಇಳಿಸಬೇಡಿ. ಗೂಗಲ್ ಪ್ಲೇ ದುಡ್ಡಿನ ಜೂಜಿನ ಆ್ಯಪ್‌ಗಳನ್ನು ಆಯ್ದ ದೇಶಗಳಲ್ಲಿ ಮಾತ್ರ, ಅಲ್ಲಿಯ ಲೈಸೆನ್ಸ್ ಇದ್ದರೆ ಮಾತ್ರ ಬಿಡುತ್ತದೆ. ಆ್ಯಪಲ್ ಸ್ಟೋರಿನಲ್ಲೂ ಲೈಸೆನ್ಸ್ ಬೇಕು, ಆ ಜಾಗಕ್ಕೆ ಮಾತ್ರ ಸೀಮಿತವಾಗಿರಬೇಕು. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಎಪಿಕೆ ಫೈಲ್ ಇಳಿಸಿಕೊಂಡರೆ ಈ ಯಾವ ಜರಡಿಯೂ ಇರುವುದಿಲ್ಲ. ಅದು ನಿಮ್ಮ ಮೆಸೇಜ್ ಓದುವ ಅನುಮತಿ ಕೇಳಿದರಂತೂ ತಕ್ಷಣ ತೆಗೆದುಹಾಕಿ. ಎಲೆ ಹಂಚುವ ಆಟಕ್ಕೆ ನಿಮ್ಮ ಬ್ಯಾಂಕಿನ ಒಟಿಪಿ ಯಾಕೆ ಬೇಕು, ಅಲ್ವಾ?

ಬ್ರೌಸರಿನಲ್ಲೂ ಎಚ್ಚರ ಬೇಕು. ಲೈಸೆನ್ಸ್ ಇರುವ ಸೈಟು ತನ್ನ ಲೈಸೆನ್ಸ್ ನಂಬರನ್ನು ಪೇಜಿನ ಅಡಿಯಲ್ಲಿ ಹಾಕಿರುತ್ತದೆ. ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್, ಮಾಲ್ಟಾ ಗೇಮಿಂಗ್ ಅಥಾರಿಟಿಯಂಥ ಸಂಸ್ಥೆಗಳ ಸೈಟಿನಲ್ಲಿ ಲೈಸೆನ್ಸ್ ಪಡೆದವರ ಪಟ್ಟಿ ಇದೆ. ಅಲ್ಲಿಗೇ ಹೋಗಿ ಹುಡುಕಿ. ಅಡಿಯಲ್ಲಿರುವ ಲೋಗೋ ನೋಡಿ ನಂಬಬೇಡಿ. ಲೋಗೋ ಕಾಪಿ ಮಾಡಲು ಎರಡು ನಿಮಿಷ ಸಾಕು. ಇಕೋಗ್ರಾ, ಜಿಎಲ್‌ಐ, ಐಟೆಕ್ ಲ್ಯಾಬ್ಸ್ ಅನ್ನುವ ಹೆಸರುಗಳೂ ಕಾಣುತ್ತವೆ. ಇವು ಆಟದ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಸಂಸ್ಥೆಗಳು. ಲೋಗೋ ಒತ್ತಿದಾಗ ಅವರದೇ ಸೈಟಿನ ಸರ್ಟಿಫಿಕೇಟ್ ತೆರೆಯಬೇಕು. ಸುಮ್ನೆ ಚಿತ್ರವಾಗಿ ಕೂತಿದ್ದರೆ ಅನುಮಾನ ಪಡಿ.

ಯಾವ ಆಟ?

ನೂರು ಚಿಪ್ ಪಣ ಕಟ್ಟಿದಾಗ ಸರಾಸರಿ ಎಷ್ಟು ಕ್ಯಾಸಿನೋಗೆ ಉಳಿಯುತ್ತದೆ ಅನ್ನುವುದಕ್ಕೆ ಹೌಸ್ ಎಡ್ಜ್ ಅನ್ನುತ್ತಾರೆ. ನಾನು ಕ್ಯಾಸಿನೋದ ಪಾಲು ಅನ್ನುತ್ತೇನೆ. ಚಿತ್ರದ ಚಕ್ರಗಳು ತಿರುಗುವ ಸ್ಲಾಟ್‌ಗಳಲ್ಲಿ ಇದನ್ನೇ ತಿರುಗಿಸಿ ಆರ್‌ಟಿಪಿ, ಅಂದರೆ ಆಡುವವರಿಗೆ ವಾಪಸ್ ಬರುವ ಪಾಲು, ಅಂತ ತೋರಿಸುತ್ತಾರೆ. ಆರ್‌ಟಿಪಿ 96 ಅಂದರೆ ಕ್ಯಾಸಿನೋದ ಪಾಲು 4. ನೆನಪಿಡಿ, ಇದು ಲಕ್ಷಾಂತರ ಸುತ್ತುಗಳ ಸರಾಸರಿ. ಇವತ್ತು ಸಂಜೆ ನಿಮಗೆ ಏನಾಗುತ್ತದೆ ಅಂತ ಇದು ಹೇಳುವುದಿಲ್ಲ.

ತಿರುಗುವ ಚಕ್ರದಲ್ಲಿ ಚೆಂಡು ಯಾವ ಅಂಕಿಗೆ ಬೀಳುತ್ತದೆ ಅಂತ ಪಣ ಕಟ್ಟುವ ರೂಲೆಟ್‌ನಿಂದ ಶುರು ಮಾಡೋಣ, ಯಾಕೆಂದರೆ ಇಲ್ಲಿ ಲೆಕ್ಕ ಕಣ್ಣಿಗೇ ಕಾಣುತ್ತದೆ. ಯುರೋಪಿಯನ್ ಚಕ್ರದಲ್ಲಿ 1ರಿಂದ 36 ಮತ್ತು ಒಂದು ಸೊನ್ನೆ, ಒಟ್ಟು 37 ಮನೆ. ಒಂದು ಅಂಕಿಗೆ ಗೆದ್ದರೆ ಕೊಡುವುದು ಒಂದು ಚಿಪ್‌ಗೆ 35. ಕ್ಯಾಸಿನೋದ ಪಾಲು 2.70%. ಅಮೆರಿಕನ್ ಚಕ್ರದಲ್ಲಿ ಇನ್ನೊಂದು 'ಜೋಡಿ ಸೊನ್ನೆ' ಸೇರಿ 38 ಮನೆ. ಗೆದ್ದಾಗ ಕೊಡುವುದು ಅಷ್ಟೇ, ಪಾಲು ಮಾತ್ರ 5.26%. ಮೂರು ಸೊನ್ನೆಯ ಚಕ್ರವೂ ಇದೆ, ಅದರಲ್ಲಿ 7.69%. ಫೋನಿನ ಚಿಕ್ಕ ಪರದೆಯಲ್ಲಿ ಚಕ್ರ ಒಂದು ನಾಣ್ಯದಷ್ಟು ಕಾಣುತ್ತದೆ, ಸೊನ್ನೆ ಎಷ್ಟಿವೆ ಅಂತ ಗೊತ್ತೇ ಆಗುವುದಿಲ್ಲ. ಚಕ್ರ ಬಿಟ್ಟು ಅಂಕಿಗಳ ಹಾಸು ನೋಡಿ. ತುದಿಯಲ್ಲಿ ಹಸಿರು ಮನೆ ಒಂದಿದ್ದರೆ ಕೂರಿ, ಎರಡಿದ್ದರೆ ಮುಂದೆ ಹೋಗಿ. 'ಫ್ರೆಂಚ್ ರೂಲೆಟ್' ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಲಾ ಪಾರ್ತಾಜ್ ನಿಯಮ ಇದ್ದರೆ, ಕೆಂಪು-ಕಪ್ಪಿನಂಥ ಸಮ ಪಣಕ್ಕೆ ಸೊನ್ನೆ ಬಿದ್ದಾಗ ಅರ್ಧ ವಾಪಸ್ ಬರುತ್ತದೆ, ಪಾಲು 1.35%ಕ್ಕೆ ಇಳಿಯುತ್ತದೆ.

ಈಗ ವೇಗ ಸೇರಿಸಿ ನೋಡಿ. ಡೀಲರ್ ಕೈಯಾರೆ ತಿರುಗಿಸುವ ಲೈವ್ ರೂಲೆಟ್‌ನಲ್ಲಿ ಗಂಟೆಗೆ 45 ಸುತ್ತು ಅಂತ ಇಟ್ಟುಕೊಳ್ಳಿ. ಸುತ್ತಿಗೆ ಒಂದು ಚಿಪ್. ಗಂಟೆಗೆ ಸರಾಸರಿ ಹೋಗುವುದು ಒಂದು ಚಿಪ್ ಚಿಲ್ಲರೆ. ಅದೇ ಚಕ್ರದ ಕಂಪ್ಯೂಟರ್ ರೂಪದಲ್ಲಿ ಹತ್ತು ಸೆಕೆಂಡಿಗೊಂದು ಸುತ್ತು ಮುಗಿಸಬಹುದು. ಗಂಟೆಗೆ 360 ಸುತ್ತು, ಹೋಗುವುದು ಸುಮಾರು 10 ಚಿಪ್. ಅದೇ ಚಕ್ರ, ಅದೇ 2.70%. ವ್ಯತ್ಯಾಸ ಪೂರ್ತಿ ನಿಮ್ಮ ಹೆಬ್ಬೆರಳಿನದು.

ಸ್ಲಾಟ್‌ಗಳಲ್ಲಿ ಇದು ಇನ್ನೂ ಜೋರು. ಆರು ಸೆಕೆಂಡಿಗೊಂದು ಸ್ಪಿನ್ ಅಂದರೆ ಗಂಟೆಗೆ 600. ಆರ್‌ಟಿಪಿ 96 ಇದ್ದರೆ ಒಂದೊಂದು ಚಿಪ್ಪಿನ ಆಟದಲ್ಲೂ ಗಂಟೆಗೆ 24 ಚಿಪ್ ಸವೆಯುತ್ತದೆ. 'ಟರ್ಬೊ' ಒತ್ತಿದರೆ ಕೇಳಲೇಬೇಡಿ. ಈ ವೇಗದ ಮಹಿಮೆ ನಿಯಂತ್ರಕರಿಗೂ ಗೊತ್ತು. ಬ್ರಿಟನ್ನಿನಲ್ಲಿ 2021ರ ಅಕ್ಟೋಬರ್‌ನಿಂದ ಆನ್‌ಲೈನ್ ಸ್ಲಾಟ್‌ನ ಒಂದು ಸುತ್ತು 2.5 ಸೆಕೆಂಡಿಗಿಂತ ಬೇಗ ಮುಗಿಯುವಂತಿಲ್ಲ, ತಾನಾಗಿ ತಿರುಗುವ ಆಟೊಪ್ಲೇ ಕೂಡ ಇಲ್ಲ. 2025ರ ಜನವರಿಯಿಂದ ಅಲ್ಲಿ ಉಳಿದ ಕ್ಯಾಸಿನೋ ಆಟಗಳಿಗೂ 5 ಸೆಕೆಂಡಿನ ಕನಿಷ್ಠ ಮಿತಿ ಬಂದಿದೆ. ನೀವಿರುವ ಕಡೆ ಇಂಥ ನಿಯಮ ಇಲ್ಲದಿದ್ದರೆ ಟರ್ಬೊ ಮತ್ತು ಆಟೊಪ್ಲೇ ಎರಡನ್ನೂ ನೀವೇ ಆಫ್ ಮಾಡಿಟ್ಟುಕೊಳ್ಳಿ.

ಸ್ಲಾಟ್ ಆರಿಸುವಾಗ ಆಟದೊಳಗಿನ 'ಐ' ಗುರುತು ಅಥವಾ ಮೂರು ಗೆರೆಯ ಮೆನು ಒತ್ತಿ, ಆರ್‌ಟಿಪಿ ಎಷ್ಟಿದೆ ನೋಡಿ. ಒಂದೇ ಹೆಸರಿನ, ಒಂದೇ ಚಿತ್ರದ ಆಟ ಒಂದು ಸೈಟಿನಲ್ಲಿ 96, ಇನ್ನೊಂದರಲ್ಲಿ 94 ಇರಬಹುದು. ತಯಾರಕರೇ ಎರಡು ಮೂರು ಸೆಟ್ಟಿಂಗ್ ಕೊಡುತ್ತಾರೆ, ಯಾವುದು ಬೇಕೋ ಕ್ಯಾಸಿನೋ ಆರಿಸಿಕೊಳ್ಳುತ್ತದೆ. 96ಕ್ಕೂ 94ಕ್ಕೂ ಏನು ಮಹಾ ಅನ್ನಬೇಡಿ. ಕ್ಯಾಸಿನೋದ ಪಾಲು 4ರಿಂದ 6 ಆಯಿತು, ಅಂದರೆ ಒಂದೂವರೆಪಟ್ಟು. ಗಂಟೆಗೆ 24 ಹೋಗುತ್ತಿದ್ದ ಕಡೆ 36.

ಇನ್ನೊಂದು ವಿಷಯ ಆಟದ ಏರಿಳಿತ. ಆರ್‌ಟಿಪಿ ಒಂದೇ ಇದ್ದರೂ ಕೆಲವು ಸ್ಲಾಟ್ ಚಿಲ್ಲರೆ ಚಿಲ್ಲರೆಯಾಗಿ ಆಗಾಗ ಕೊಡುತ್ತವೆ. ಕೆಲವು ನೂರು ಸ್ಪಿನ್ ಮೌನವಾಗಿದ್ದು ಒಮ್ಮೆಲೇ ಸುರಿಯುತ್ತವೆ, ಅಥವಾ ಸುರಿಯುವುದೇ ಇಲ್ಲ. ಬಸ್ಸಿಗೆ ಕಾಯುವ ಹತ್ತು ನಿಮಿಷಕ್ಕೆ ಎರಡನೇ ಬಗೆಯದ್ದು ಸುಖ ಕೊಡುವುದಿಲ್ಲ. 'ಲೋ ವೊಲಾಟಿಲಿಟಿ', ಅಂದರೆ ಏರಿಳಿತ ಕಡಿಮೆ, ಅಂತ ಬರೆದಿರುವುದು ನೋಡಿ ಆರಿಸಿ.

ಸದ್ದನ್ನೂ ನಂಬಬೇಡಿ. ಇಪ್ಪತ್ತು ಸಾಲಿನ ಆಟ, ಸಾಲಿಗೊಂದರಂತೆ 20 ಚಿಪ್ ಕಟ್ಟಿದಿರಿ. ಒಂದು ಸಾಲು ಹೊಂದಿತು, 6 ಚಿಪ್ ಬಂತು. ಪರದೆ ತುಂಬ ನಕ್ಷತ್ರ, ಗಂಟೆ, ತುತ್ತೂರಿ. ಕಳೆದದ್ದು 14! ಕಿವಿಗೆ ಗೆದ್ದ ಹಾಗೆ ಕೇಳುತ್ತದೆ, ಲೆಕ್ಕದಲ್ಲಿ ಸೋತಿರುತ್ತೀರಿ. ಸದ್ದು ಬಂದ್ ಮಾಡಿ, ಮೂಲೆಯಲ್ಲಿ ಚಿಕ್ಕದಾಗಿ ಕಾಣುವ ಬ್ಯಾಲೆನ್ಸ್ ಅಂಕಿಯ ಮೇಲೆ ಕಣ್ಣಿಟ್ಟು ಹತ್ತು ನಿಮಿಷ ಆಡಿ ನೋಡಿ. ಬೇರೆ ಆಟವೇ ಆಡಿದ ಹಾಗಿರುತ್ತದೆ.

ರೀಲ್ ತಿರುಗುವುದು ನೋಡಿ 'ಇನ್ನೇನು ಬರುವುದರಲ್ಲಿತ್ತು' ಅನ್ನಿಸುತ್ತದಲ್ಲ, ಅದೂ ಭ್ರಮೆ. 19ನೇ ಶತಮಾನದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಫೇ ಮಾಡಿದ ಲಿಬರ್ಟಿ ಬೆಲ್ ಯಂತ್ರದಲ್ಲಿ ನಿಜವಾದ ಮೂರು ಚಕ್ರಗಳಿದ್ದವು. ಕಬ್ಬಿಣದ ಚಕ್ರ ಎಲ್ಲಿ ನಿಂತಿತೋ ಅದೇ ಫಲಿತಾಂಶ. ಫೋನಿನಲ್ಲಿ ನೀವು ಸ್ಪಿನ್ ಒತ್ತಿದ ಕೂಡಲೇ ಎಲ್ಲೋ ದೂರದ ಸರ್ವರ್ ಒಂದು ಸಂಖ್ಯೆ ಎತ್ತಿಬಿಟ್ಟಿರುತ್ತದೆ. ರೀಲ್ ತಿರುಗುವುದು ಅದನ್ನು ನಿಮಗೆ ತೋರಿಸುವ ಬೊಂಬೆಯಾಟ. ಬೆರಳಿಟ್ಟು ಬೇಗ ನಿಲ್ಲಿಸಿದರೂ ಒಂದೇ, ಬಿಟ್ಟರೂ ಒಂದೇ.

ಬ್ಲಾಕ್‌ಜಾಕ್‌ನಲ್ಲಿ ನಿಮ್ಮ ತೀರ್ಮಾನಕ್ಕೆ ಬೆಲೆ ಇದೆ. ಯಾವ ಕೈಗೆ ಏನು ಮಾಡಬೇಕು ಅಂತ ಹೇಳುವ ಬೇಸಿಕ್ ಸ್ಟ್ರಾಟಜಿ ಅನ್ನುವ ಕೋಷ್ಟಕದ ಪ್ರಕಾರ ಆಡಿದರೆ, ನಿಯಮಗಳು ಚೆನ್ನಾಗಿದ್ದರೆ, ಕ್ಯಾಸಿನೋದ ಪಾಲು ಅರ್ಧ ಪರ್ಸೆಂಟಿನ ಆಸುಪಾಸು. ಗಂಟೆಗೆ 200 ಆಟ ಮುಗಿಸಿದರೂ ಒಂದೊಂದು ಚಿಪ್ಪಿನ ಪಣದಲ್ಲಿ ಸವೆಯುವುದು ಒಂದೇ ಚಿಪ್. ಕಂಪ್ಯೂಟರ್ ಡೀಲರ್ ಎದುರು ನೀವು ಕೋಷ್ಟಕ ನೋಡಿಕೊಂಡು ಆಡಿದರೆ ಯಾರೂ ಗದರುವುದಿಲ್ಲ. ಅದರ ಸ್ಕ್ರೀನ್‌ಶಾಟ್ ಗ್ಯಾಲರಿಯಲ್ಲಿ ಇಟ್ಟುಕೊಳ್ಳಿ.

ಆದರೆ ಟೇಬಲ್ ಆರಿಸುವ ಮೊದಲು ಹಾಸಿನ ಮೇಲೆ ಬರೆದಿರುವ ಒಂದು ಸಾಲು ಓದಿ. ಬ್ಲಾಕ್‌ಜಾಕ್‌ಗೆ, ಅಂದರೆ ಮೊದಲ ಎರಡೇ ಎಲೆಯಲ್ಲಿ 21 ಬಂದರೆ, 3ಕ್ಕೆ 2 ಕೊಡುತ್ತದೋ, 6ಕ್ಕೆ 5 ಕೊಡುತ್ತದೋ? ಹತ್ತು ಚಿಪ್‌ಗೆ ಮೊದಲನೆಯದರಲ್ಲಿ 15, ಎರಡನೆಯದರಲ್ಲಿ 12. ಈ ಮೂರು ಚಿಪ್ಪಿನ ವ್ಯತ್ಯಾಸ ಕ್ಯಾಸಿನೋದ ಪಾಲಿಗೆ ಹತ್ತಿರ ಹತ್ತಿರ 1.4% ಸೇರಿಸುತ್ತದೆ. ಇದ್ದ ಪಾಲು ನಾಲ್ಕುಪಟ್ಟು ಹತ್ತಿರ ಆಯಿತು. ಫೋನಿನಲ್ಲಿ ಆ ಸಾಲು ಇರುವೆ ಗಾತ್ರದಲ್ಲಿ ಇರುತ್ತದೆ, ಜೂಮ್ ಮಾಡಿಯಾದರೂ ಓದಿ. 'ಇನ್ಶೂರೆನ್ಸ್ ಬೇಕೇ' ಅಂತ ಕೇಳಿದರೆ ಬೇಡ ಅನ್ನಿ, ಅದು ಡೀಲರಿಗೆ ಬ್ಲಾಕ್‌ಜಾಕ್ ಬರುತ್ತದೆ ಅಂತ ಕಟ್ಟುವ ಇನ್ನೊಂದು ಪಣ, ಅದರಲ್ಲಿ ಪಾಲು 7%ರ ಆಸುಪಾಸು.

ಬ್ಯಾಕರಾ ಫೋನಿಗೆ ಹೇಳಿ ಮಾಡಿಸಿದ ಆಟ. ಬ್ಯಾಂಕರ್, ಪ್ಲೇಯರ್ ಅನ್ನುವ ಎರಡು ಕೈಗಳಲ್ಲಿ ಯಾವುದು ಗೆಲ್ಲುತ್ತದೆ ಅನ್ನುವುದಕ್ಕೇ ಪಣ. ಬಟನ್ ಮೂರೇ: ಬ್ಯಾಂಕರ್, ಪ್ಲೇಯರ್, ಎರಡೂ ಸಮ ಅನ್ನುವ ಟೈ. ಬ್ಯಾಂಕರ್ ಪಣದಲ್ಲಿ ಪಾಲು 1.06%, ಪ್ಲೇಯರ್‌ನಲ್ಲಿ 1.24%. ಟೈ ಮೇಲೆ ಒಂದು ಚಿಪ್‌ಗೆ 8 ಅಂತ ಆಸೆ ತೋರಿಸುತ್ತಾರೆ, ಅದರಲ್ಲಿ ಪಾಲು 14% ದಾಟುತ್ತದೆ. ಆ ಬಟನ್ ಪರದೆಯ ನಟ್ಟನಡುವೆಯೇ ಇರುವುದು ಕಾಕತಾಳೀಯ ಅಂತ ನನಗಂತೂ ಅನ್ನಿಸುವುದಿಲ್ಲ.

ಲಾಟರಿಯ ಹಾಗೆ ಅಂಕಿ ಆರಿಸುವ ಕೀನೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಡಿ. ಏರುತ್ತಾ ಹೋಗುವ ಗೆರೆ ಒಡೆಯುವ ಮೊದಲು ದುಡ್ಡು ತೆಗೆಯುವ 'ಕ್ರ್ಯಾಶ್' ಆಟಗಳಲ್ಲಿ ಫೋನಿನವರಿಗೆ ಒಂದು ತೊಡಕಿದೆ. ನೀವು ಒತ್ತಿದ್ದು ಸರ್ವರಿಗೆ ತಲುಪುವಷ್ಟರಲ್ಲಿ ಗೆರೆ ಒಡೆದಿರಬಹುದು. ಆಡಲೇಬೇಕು ಅಂದರೆ 'ಆಟೊ ಕ್ಯಾಶ್‌ಔಟ್' ಅಂಕಿ ಮೊದಲೇ ಇಟ್ಟುಬಿಡಿ.

ಉಳಿದದ್ದು ನನ್ನ ಇಷ್ಟದ ವಿಡಿಯೋ ಪೋಕರ್. ಐದು ಎಲೆ, ಬೇಕಾದ್ದು ಇಟ್ಟುಕೊಂಡು ಬೇಡದ್ದು ಬದಲಿಸುವುದು. ಹಳೇ ಕಾಲದ ನೋಟ, ದೊಡ್ಡ ದೊಡ್ಡ ಬಟನ್, ಬ್ಯಾಟರಿ ತಿನ್ನುವುದೂ ಕಡಿಮೆ. 'ಜಾಕ್ಸ್ ಆರ್ ಬೆಟರ್' ಅನ್ನುವ ಬಗೆಯಲ್ಲಿ, ಯಾವ ಕೈಗೆ ನಾಣ್ಯಕ್ಕೆ ಎಷ್ಟು ಕೊಡುತ್ತಾರೆ ಅನ್ನುವ ಪಟ್ಟಿಯಲ್ಲಿ ಎರಡು ಸಾಲು ನೋಡಿ: ಫುಲ್ ಹೌಸ್‌ಗೆ (ಒಂದೇ ಬೆಲೆಯ ಮೂರು ಎಲೆ, ಇನ್ನೊಂದು ಬೆಲೆಯ ಎರಡು) 9, ಫ್ಲಶ್‌ಗೆ (ಐದೂ ಒಂದೇ ಗುರುತಿನವು) 6 ಇದ್ದರೆ ತಪ್ಪಿಲ್ಲದೆ ಆಡುವವರಿಗೆ ಆರ್‌ಟಿಪಿ 99.54. ಅದೇ ಜಾಗದಲ್ಲಿ 8 ಮತ್ತು 5 ಇದ್ದರೆ 97.30. ಉಳಿದ ಸಾಲುಗಳೆಲ್ಲ ಒಂದೇ ಥರ ಇರುತ್ತವೆ, ಕತ್ತರಿ ಬೀಳುವುದು ಈ ಎರಡರಲ್ಲಿ. ಇನ್ನೊಂದು ಸೂಕ್ಷ್ಮ ಇದೆ. ಎಲ್ಲಕ್ಕಿಂತ ದೊಡ್ಡ ಕೈಯಾದ ರಾಯಲ್ ಫ್ಲಶ್‌ಗೆ ಒಂದು ನಾಣ್ಯ ಕಟ್ಟಿದರೆ 250, ಐದು ಕಟ್ಟಿದರೆ 4000. ಮೇಲಿನ ಅಂಕಿಗಳು ಐದು ನಾಣ್ಯದ ಆಟಕ್ಕೆ ಮಾತ್ರ. ಹಾಗಾಗಿ ನಾಣ್ಯದ ಬೆಲೆ ಇಳಿಸಿ, ಐದು ಕಟ್ಟಿ.

ಲೈವ್ ಡೀಲರೋ, ಕಂಪ್ಯೂಟರೋ

ಲೈವ್ ಆಟದಲ್ಲಿ ಸ್ಟುಡಿಯೋದಲ್ಲಿ ಕೂತ ಮನುಷ್ಯರು ನಿಜವಾದ ಎಲೆ ಹಂಚುತ್ತಾರೆ. ಕ್ಯಾಮೆರಾ ಎಲೆಯ ಅಂಕಿಯನ್ನು ಓದಿ ಸಾಫ್ಟ್‌ವೇರ್‌ಗೆ ತಿಳಿಸುತ್ತದೆ, ನಿಮ್ಮ ಪರದೆಯಲ್ಲಿ ಮೊತ್ತ ಕಾಣುತ್ತದೆ. ಮಾತು ಇದೆ, ನಗು ಇದೆ, ನಿಧಾನ ಇದೆ. ವೇಗದ ದೃಷ್ಟಿಯಿಂದ ನನಗೆ ಲೈವ್ ಇಷ್ಟ. ಆದರೆ ಫೋನ್ ವಿಷಯಕ್ಕೆ ಬಂದರೆ ಇದು ದುಬಾರಿ ಅತಿಥಿ.

ಡೇಟಾ ಲೆಕ್ಕ ಮಾಡಿ. ವಿಡಿಯೋ ಸೆಕೆಂಡಿಗೆ 2 ಮೆಗಾಬಿಟ್ ಬಂದರೆ ಗಂಟೆಗೆ 900 ಎಂಬಿ. ವಿಡಿಯೋ ಗುಣಮಟ್ಟ ಇಳಿಸುವ ಸೆಟ್ಟಿಂಗ್ ಆಟದೊಳಗೇ ಇರುತ್ತದೆ, ಗೇರ್ ಗುರುತು ಹುಡುಕಿ. ಫೋನಿನಲ್ಲಿ ಡೀಲರಿನ ಶರ್ಟಿನ ಗುಂಡಿ ಎಣಿಸುವ ಅಗತ್ಯವಿಲ್ಲ. ಬ್ಯಾಟರಿಯೂ ಬೇಗ ಇಳಿಯುತ್ತದೆ, ಫೋನ್ ಬಿಸಿಯಾಗುತ್ತದೆ, ಬಿಸಿಯಾದ ಫೋನ್ ತಾನೇ ನಿಧಾನವಾಗುತ್ತದೆ.

ಪಣ ಕಟ್ಟಲು ಕೆಲವೇ ಸೆಕೆಂಡ್ ಕೊಡುತ್ತಾರೆ. ನೆಟ್‌ವರ್ಕ್ ತಡವಾದರೆ ನಿಮ್ಮ ಪಣ ಸ್ವೀಕಾರವಾಗುವುದಿಲ್ಲ. ಅದು ಪರವಾಗಿಲ್ಲ. ಕಷ್ಟ ಬರುವುದು ಪಣ ಸ್ವೀಕಾರವಾದ ಮೇಲೆ ನೆಟ್ ಹೋದರೆ. ಒಮ್ಮೆ ಲೈವ್ ಬ್ಲಾಕ್‌ಜಾಕ್‌ನಲ್ಲಿ ಕೈಯಲ್ಲಿ 11 ಇಟ್ಟುಕೊಂಡು ಲಿಫ್ಟ್ ಹತ್ತಿದೆ. ನಾಲ್ಕನೇ ಮಹಡಿಯಲ್ಲಿ ಸಿಗ್ನಲ್ ವಾಪಸ್ ಬಂದಾಗ ನನ್ನ ಪರವಾಗಿ ಆಟವೇ 'ಸ್ಟ್ಯಾಂಡ್', ಅಂದರೆ ಇನ್ನು ಎಲೆ ಬೇಡ ಅಂತ, ಮಾಡಿಬಿಟ್ಟಿತ್ತು. ಹನ್ನೊಂದಕ್ಕೆ ಸ್ಟ್ಯಾಂಡ್! ನಿಯಮದ ಪುಟದಲ್ಲಿ ಅದು ಬರೆದೇ ಇತ್ತು, ನಾನು ಓದಿರಲಿಲ್ಲ ಅಷ್ಟೆ. ಕಂಪ್ಯೂಟರ್ ಆಟದಲ್ಲಿ ಹೀಗಾದರೆ ಸಾಮಾನ್ಯವಾಗಿ ಆಟ ಅಲ್ಲೇ ನಿಂತು ನಿಮಗಾಗಿ ಕಾಯುತ್ತದೆ. ಮತ್ತೆ ತೆರೆದಾಗ ಅದೇ ಎಲೆ, ಅದೇ ಪಣ.

ಹಾಗಾಗಿ ಮನೆಯಲ್ಲಿ, ವೈಫೈ ಹತ್ತಿರ, ಚಾರ್ಜರ್ ಪಕ್ಕದಲ್ಲಿದ್ದರೆ ಲೈವ್. ದಾರಿಯಲ್ಲಿ, ರೈಲಿನಲ್ಲಿ, ಕಾಯುವ ಕಡೆಗಳಲ್ಲಿ ಕಂಪ್ಯೂಟರ್ ಡೀಲರ್. ವೈಫೈನಿಂದ ಮೊಬೈಲ್ ಡೇಟಾಗೆ ಹಾರುವ ಕ್ಷಣದಲ್ಲೂ ಸಂಪರ್ಕ ಕಡಿಯುತ್ತದೆ. ಮನೆಯಿಂದ ಹೊರಡುವ ಹೊತ್ತಿಗೆ ಲೈವ್ ಟೇಬಲ್ ಬೇಡವೇ ಬೇಡ. ತೆರೆದ ವೈಫೈನಲ್ಲಿ ದುಡ್ಡಿನ ಖಾತೆ ತೆರೆಯಬೇಡಿ ಅಂತ ಬೇರೆ ಹೇಳಬೇಕಿಲ್ಲ ತಾನೇ?

ಉದ್ದವೋ ಅಡ್ಡವೋ

ಸ್ಲಾಟ್, ಬ್ಯಾಕರಾ, ವಿಡಿಯೋ ಪೋಕರ್ ಫೋನ್ ಉದ್ದಕ್ಕೆ ಹಿಡಿದೇ ಆಡಬಹುದು, ಒಂದು ಕೈ ಸಾಕು. ರೂಲೆಟ್ ಹಾಸಿನಲ್ಲಿ ಅಂಕಿಗಳು ಅಕ್ಕಪಕ್ಕ ಒತ್ತಾಗಿ ಇರುತ್ತವೆ. 17ರ ಮೇಲೆ ಇಡಲು ಹೋಗಿ 17-20ರ ನಡುವಿನ ಗೆರೆಗೆ ಚಿಪ್ ಬೀಳುವುದು ತೀರಾ ಮಾಮೂಲು. ಅದಕ್ಕೆ ಫೋನ್ ಅಡ್ಡ ಹಿಡಿಯಿರಿ, ಅಥವಾ ಟ್ಯಾಬ್ಲೆಟ್ ತೆಗೆದುಕೊಳ್ಳಿ. ಬ್ಲಾಕ್‌ಜಾಕ್‌ಗೂ ಅಡ್ಡವೇ ಲೇಸು, ನನ್ನ 'ಡಬಲ್' ಕಥೆ ಕೇಳಿದಿರಲ್ಲ. ಸೆಟ್ಟಿಂಗ್‌ನಲ್ಲಿ 'ಪಣ ಖಚಿತಪಡಿಸಿ' ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿ. ಎಡಗೈಯವರಿಗೆ ಬಟನ್ ಬದಲಿಸುವ ಸೌಲಭ್ಯವೂ ಕೆಲವದರಲ್ಲಿ ಇದೆ.

ಆಡುವಾಗ 'ಡು ನಾಟ್ ಡಿಸ್ಟರ್ಬ್' ಹಾಕಿಡಿ. ಮೇಲಿನಿಂದ ಇಳಿಯುವ ಮೆಸೇಜ್ ಪಟ್ಟಿ ಬಟನ್ ಮೇಲೇ ಕೂತರೆ ಕೈ ತಪ್ಪುತ್ತದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು ಕೊಂಚ ತಡವಾಗಿ ಬರುತ್ತದೆ, ಲೈವ್ ಟೇಬಲ್‌ಗೆ ವೈರ್ ಇದ್ದರೆ ಒಳ್ಳೆಯದು. ಇನ್ನು 120 ಹರ್ಟ್ಸ್ ಪರದೆ, ದುಬಾರಿ ಚಿಪ್‌ಸೆಟ್ ಅಂತೆಲ್ಲ ತಲೆಕೆಡಿಸಿಕೊಳ್ಳಬೇಡಿ. ಲೆಕ್ಕ ನಡೆಯುವುದು ಸರ್ವರಿನಲ್ಲಿ. ನಾಲ್ಕು ವರ್ಷದ ಹಳೇ ಫೋನ್ ಕೂಡ ಎಲೆ ತೋರಿಸಲು ಸಾಕು.

ಬೋನಸ್ ಇರುವ ಸೈಟೋ, ಇಲ್ಲದ್ದೋ

'100 ಹಾಕಿ, 100 ಬೋನಸ್ ಪಡೆಯಿರಿ.' ಕೆಳಗೆ ಚಿಕ್ಕ ಅಕ್ಷರದಲ್ಲಿ '35 ಪಟ್ಟು'. ಅಂದರೆ ಬೋನಸ್ 100ರ 35 ಪಟ್ಟು, 3500 ಪಣ ಕಟ್ಟಿದ ಮೇಲಷ್ಟೇ ದುಡ್ಡು ತೆಗೆಯಬಹುದು. 96 ಆರ್‌ಟಿಪಿಯ ಸ್ಲಾಟ್‌ನಲ್ಲಿ 3500ಕ್ಕೆ ಸರಾಸರಿ ಹೋಗುವುದು 140. ಸಿಕ್ಕಿದ್ದು 100. ಜಾಣತನ ಮಾಡಿ ಬ್ಲಾಕ್‌ಜಾಕ್ ಆಡೋಣ ಅಂದರೆ, ಅದನ್ನು ಹತ್ತರಲ್ಲಿ ಒಂದು ಭಾಗವಾಗಿ ಎಣಿಸುವ ಸೈಟುಗಳೇ ಜಾಸ್ತಿ, ಕೆಲವು ಎಣಿಸುವುದೇ ಇಲ್ಲ. ಆಗ 35,000 ಪಣ ಕಟ್ಟಬೇಕು. ಅರ್ಧ ಪರ್ಸೆಂಟ್ ಲೆಕ್ಕದಲ್ಲೂ 175 ಹೋಯಿತು. ಜೊತೆಗೆ ದಿನದ ಗಡುವು, ಒಂದು ಸುತ್ತಿಗೆ ಇಷ್ಟೇ ಕಟ್ಟಬೇಕು ಅನ್ನುವ ಮಿತಿ. ನಾನು ಬೋನಸ್ ಬಾಕ್ಸಿನ ಟಿಕ್ ತೆಗೆದೇ ಮುಂದೆ ಹೋಗುವವನು. ಬೋನಸ್ ಬೇಡ ಅಂದವರಿಗೆ ತಮ್ಮ ದುಡ್ಡು ವಾಪಸ್ ತೆಗೆಯಲು ಇಂಥ ಕಟ್ಟು ಬೀಳುವುದು ಕಡಿಮೆ.

ದುಡ್ಡು ಹಾಕುವ ದಾರಿಗಿಂತ ತೆಗೆಯುವ ದಾರಿಯನ್ನು ಮೊದಲು ನೋಡಿ. ಗುರುತಿನ ದಾಖಲೆ ಯಾವಾಗ ಕೇಳುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ತೆಗೆಯಲು ಕೇಳಿದ ಮೇಲೆ ರದ್ದು ಮಾಡಿ ಮತ್ತೆ ಆಡುವ ಬಟನ್ ಇಡುತ್ತಾರಾ? ಕೊನೆಯದು ಇದ್ದರೆ ಆ ಸೈಟು ನಿಮ್ಮ ಗೆಲುವು ಕರಗುವುದನ್ನು ಕಾಯುತ್ತಿದೆ ಅಂತಲೇ ಅರ್ಥ. ಕ್ರೆಡಿಟ್ ಕಾರ್ಡ್ ಬೇಡ. ಬ್ರಿಟನ್ ಅಂತೂ 2020ರ ಏಪ್ರಿಲ್‌ನಲ್ಲೇ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವುದನ್ನು ನಿಲ್ಲಿಸಿತು.

ಬ್ರೇಕ್ ಎಲ್ಲಿ ಹಾಕಬೇಕು

ಸೈಟಿನೊಳಗಿನ ಮಿತಿಗಳಲ್ಲಿ ಡೆಪಾಸಿಟ್ ಮಿತಿ ಎಲ್ಲಕ್ಕಿಂತ ಗಟ್ಟಿ. ದಿನಕ್ಕೆ, ವಾರಕ್ಕೆ, ತಿಂಗಳಿಗೆ ಇಷ್ಟೇ ಅಂತ ಕಟ್ಟಿಹಾಕಬಹುದು. ಒಳ್ಳೆಯ ಕಡೆ ಮಿತಿ ಇಳಿಸಿದರೆ ಕೂಡಲೇ ಜಾರಿಗೆ ಬರುತ್ತದೆ, ಏರಿಸಲು ಹೋದರೆ ಕಾಯಿಸುತ್ತಾರೆ. ಇಷ್ಟು ಹೊತ್ತು ಆಡಿದ್ದೀರಿ ಅಂತ ತೋರಿಸುವ 'ರಿಯಾಲಿಟಿ ಚೆಕ್' ಅನ್ನುವ ನೆನಪೋಲೆ ಬೆರಳಿಗೆ ಅಭ್ಯಾಸವಾದರೆ ಓದದೇ ಸರಿ ಅಂತ ಒತ್ತಿಬಿಡುತ್ತೇವೆ, ಅದನ್ನೊಂದೇ ನೆಚ್ಚಬೇಡಿ. ಕೈ ಮೀರುತ್ತಿದೆ ಅನ್ನಿಸಿದರೆ, ಹೋದದ್ದನ್ನು ವಾಪಸ್ ತರಲು ಆಡುತ್ತಿದ್ದರೆ, ಮನೆಯವರಿಂದ ಮುಚ್ಚಿಡುತ್ತಿದ್ದರೆ, ನಿಮ್ಮನ್ನು ಒಳಗೆ ಬಿಡದಂತೆ ನೀವೇ ಕೇಳಿಕೊಳ್ಳುವ 'ಸೆಲ್ಫ್ ಎಕ್ಸ್‌ಕ್ಲೂಶನ್' ಹಾಕಿ, ಯಾರಿಗಾದರೂ ಬಾಯಿಬಿಟ್ಟು ಹೇಳಿ. ಬೆಟ್‌ಬ್ಲಾಕರ್ ಅನ್ನುವ ಪುಕ್ಕಟೆ ಆ್ಯಪ್ ಫೋನಿನಲ್ಲಿ ಜೂಜಿನ ಸೈಟುಗಳನ್ನೇ ತಡೆಹಿಡಿಯುತ್ತದೆ.

ಫೋನಿನದೇ ಟೈಮರ್ ಇದೆ: ಆ್ಯಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನಲ್ಲಿ ಸ್ಕ್ರೀನ್ ಟೈಮ್. ನಾನು ಮಾಡಿಕೊಂಡಿರುವ ಏರ್ಪಾಟು ಹೀಗಿದೆ. ದಿನಬಳಕೆಯ ಬ್ರೌಸರ್ ಬೇರೆ, ಆಟಕ್ಕೆ ಬೇರೆ. ಆಟದ ಬ್ರೌಸರಿನಲ್ಲಿ ಯಾವ ಕಾರ್ಡೂ ಸೇವ್ ಆಗಿಲ್ಲ. ಅದಕ್ಕೆ ದಿನಕ್ಕೆ 30 ನಿಮಿಷದ ಟೈಮರ್. ಅದರಲ್ಲಿ ಉಳಿದಿರುವ ಬುಕ್‌ಮಾರ್ಕ್ ಒಂದೇ, 9 ಮತ್ತು 6ರ ಪಟ್ಟಿಯ ಪುಕ್ಕಟೆ ವಿಡಿಯೋ ಪೋಕರ್. ಮೊನ್ನೆ ರಾತ್ರಿ ಮೂರು ಎಕ್ಕ ಇಟ್ಟುಕೊಂಡು ಎರಡು ಎಲೆ ಬದಲಿಸಲು 'ಡ್ರಾ' ಒತ್ತಿದೆ. ನಾಲ್ಕನೇ ಎಕ್ಕ ಇಸ್ಪೀಟಿನದು, ಬಂದೇ ಬಂತು. ಚಿಪ್ ಏರುವುದನ್ನು ನೋಡುತ್ತಾ ಕೂರೋಣ ಅನ್ನುವಷ್ಟರಲ್ಲಿ ಮೂವತ್ತು ನಿಮಿಷ ಮುಗಿದು ಬ್ರೌಸರ್ ತಾನಾಗಿ ಮುಚ್ಚಿಕೊಂಡಿತು.